ಹೊಟ್ಟಿಗೊಂದು ಖಾನೆ

ಬರ್ಮಿಂಗ್‌ಹ್ಯಾಮ್
12 ಮಾರ್ಚ್ 1983

ಪ್ರೀತಿಯ ಖಾಲಮ್ಮನಿಗೆ ನಿಮ್ಮ ಮಾಸೂಮಾಳ ಸಲಾಂ.

ಕೋಣೆ ಬೆಚ್ಚಗಿದೆ, ಊಟಕ್ಕೆ ತೊಂದರೆ ಇಲ್ಲ, ನೀವು ಕಟ್ಟಿಕೊಟ್ಟ ಎರಡು ಸ್ವೆಟರ್ ಸಾಕಾಗುತ್ತಿವೆ. ಈ ಮೂರು ಮಾತನ್ನು ಮೊದಲೇ ಬರೆದುಬಿಟ್ಟರೆ ನೀವು ಮುಂದಿನದನ್ನು ಗಮನವಿಟ್ಟು ಓದುತ್ತೀರಿ ಎಂದು ಗೊತ್ತು.

ನಾನು ಇಲ್ಲಿ ಏನು ಓದುತ್ತಿದ್ದೇನೆ ಎಂದು ಓಣಿಯವರು ಕೇಳಿದರೆ ನೀವು "ದೊಡ್ಡ ವ್ಯಾಪಾರದ ಓದು" ಎಂದು ಹೇಳಿ ಜಾರಿಕೊಳ್ಳುತ್ತೀರಂತೆ. ಇನ್ನು ಮೇಲೆ ಹೀಗೆ ಹೇಳಿ. ಒಂದು ಸಾಮಾನು ಹುಟ್ಟಿದ ಜಾಗದಿಂದ ಅದನ್ನು ತಿನ್ನುವವನ ಕೈ ಸೇರುವವರೆಗೆ ಎಲ್ಲೆಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ಎಷ್ಟು ದಿನ ಕಾಯುತ್ತದೆ ಎಂಬುದನ್ನು ತಿಳಿಯುವ ಓದು ಇದು. ನಮ್ಮ ಪ್ರೊಫೆಸರ್ ಹಾರ್ಟ್ಲಿ ಇದನ್ನು ಸರಪಳಿ ಎನ್ನುತ್ತಾರೆ. ಯಾವ ಕೊಂಡಿ ಸಣಕಲಾಗಿದೆಯೋ ಅದರಷ್ಟೇ ಇಡೀ ಸರಪಳಿಯ ಬಲ ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಾರೆ.

ಈಗ ಕೊನೆಯ ಪ್ರಬಂಧ ಬರೆಯಬೇಕು. ಒಂದು ನಿಜವಾದ ಉದ್ಯೋಗವನ್ನು ಆರಿಸಿಕೊಂಡು ಇಪ್ಪತ್ತನಾಲ್ಕು ವಾರದ ವಿವರ ಕೂಡಿಸಬೇಕು. ಜೊತೆಯವರು ಕಾರಿನ ಕಾರ್ಖಾನೆ, ಹಾಲಿನ ಡೈರಿ, ಬಿಸ್ಕತ್ತಿನ ಕಂಪನಿ ಎಂದು ಬರೆಸಿದರು. ನಾನು ಎದ್ದು ನಿಂತು ಮಂಡಕ್ಕಿ ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿಸಿ, ಆ ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸುವುದನ್ನು ಹದಿನೈದು ನಿಮಿಷ ವಿವರಿಸಿದೆ. ಹಾರ್ಟ್ಲಿಯವರು, "ಈ ಭಟ್ಟಿ ಯಾರದು?" ಎಂದರು. "ನನ್ನನ್ನು ಸಾಕಿದ ಚಿಕ್ಕಮ್ಮನದು" ಎಂದೆ.

ಇದರ ಜೊತೆ ಇಪ್ಪತ್ತನಾಲ್ಕು ಹಾಳೆ ಕಳಿಸಿದ್ದೇನೆ. ಒಂದೊಂದರಲ್ಲೂ ಆರು ಖಾನೆ. ಬಂದ ಭತ್ತ, ನೆನೆಸಿದ್ದು, ಒಣಗಿಸಿದ್ದು, ಮಿಲ್ಲಿನಿಂದ ಬಂದ ಅಕ್ಕಿ, ಹುರಿದ ಮಂಡಕ್ಕಿ, ಹರಿಹರಕ್ಕೆ ಹೋದ ಚೀಲ. ಏಪ್ರಿಲ್ ಒಂದರಿಂದ ಪ್ರತಿ ಶುಕ್ರವಾರ ಒಂದು ಹಾಳೆ ತುಂಬಿ. ಒಂದು ಖಾನೆಯನ್ನೂ ಖಾಲಿ ಬಿಡಬೇಡಿ. ಸೆಪ್ಟೆಂಬರ್ ಕೊನೆಗೆ ಪ್ರಬಂಧ ಕೊಡಬೇಕು, ಅದೇ ತಿಂಗಳಿಗೆ ನನ್ನ ವಿದ್ಯಾರ್ಥಿವೇತನವೂ ಮುಗಿಯುತ್ತದೆ. ಈ ಹಾಳೆಗಳಿಲ್ಲದಿದ್ದರೆ ಪದವಿ ಇಲ್ಲ. ಹುಡುಗಿಯನ್ನು ಹಡಗು ಹತ್ತಿಸಿದಳು ಎಂದು ನಿಮ್ಮನ್ನು ಆಡಿಕೊಂಡವರ ಮುಂದೆ ಬರಿಗೈಲಿ ಬಂದು ಇಳಿಯಲು ನನಗೆ ಮನಸ್ಸಿಲ್ಲ.

ನಿಮ್ಮ
ಮಾಸೂಮಾ


ದಾವಣಗೆರೆ
2 ಏಪ್ರಿಲ್ 1983

ಮಗಳೇ ಮಾಸೂಮಾ, ಅಲ್ಲಾಹ್ ನಿನ್ನನ್ನು ಸುಖವಾಗಿಡಲಿ.

ಹಡಗು ಹತ್ತಿಸಿದೆನಂತೆ. ವಿಮಾನ ಹತ್ತಿಸಿದ್ದು ನಾನು. ಆಡಿಕೊಳ್ಳುವವರಿಗೆ ಅಷ್ಟೂ ಗೊತ್ತಿಲ್ಲ ಎಂದ ಮೇಲೆ ಅವರ ಮಾತನ್ನು ಏಕೆ ಮೈಗೆ ಹಚ್ಚಿಕೊಳ್ಳುತ್ತೀಯ?

ಹಾಳೆಗಳು ಬಂದವು. ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತದ್ದು ಇಂದಿಗೆ ಉಪಯೋಗಕ್ಕೆ ಬಂತು. ನಿನ್ನೆ ಮೊದಲ ಶುಕ್ರವಾರ. ಭಟ್ಟಿಯಲ್ಲಿ ಎಲ್ಲರನ್ನೂ ಕೂಡಿಸಿ ಓದಿ ಹೇಳಿದೆ. ಒಣಗಿಸುವ ಕಣ ನೋಡಿಕೊಳ್ಳುವ ಕೊಟ್ರವ್ವ ಎಲ್ಲ ಕೇಳಿ, "ಅಲ್ಲ ಖತೀಜಾಬೀ, ನಾವು ಭತ್ತ ಒಣಗಿಸಿದ್ರ ಆ ಹುಡುಗಿ ಪಾಸ್ ಆಗತೈತೇನು? ಇದು ಮೊದ್ಲೇ ಗೊತ್ತಿದ್ರ ನನ್ ಮಗನ್ನೂ ಓದಿಸ್ತಿದ್ದೆ" ಎಂದಳು. ಹಾಳೆಯ ಮೂಲೆಗೆ ವಿಭೂತಿ ಹಚ್ಚಿದ್ದಾಳೆ. ಒರೆಸಬೇಡ, ಬೈತಾಳೆ.

ಈ ವಾರ ಮಂಡಕ್ಕಿ ನಲವತ್ತು ಚೀಲ. ಹೊಗೆ ಕೊಳವೆಯನ್ನು ನಾಲ್ಕು ಅಡಿ ಎತ್ತರಿಸಿದೆವು. ನನ್ನ ಕೆಮ್ಮು ಹಾಗೇ ಇದೆ, ಅದು ನಿನ್ನ ಖಾಲು, ನನ್ನ ಯಜಮಾನರು ಖಾಜಾ ಹುಸೇನ್ ಸಾಹೇಬರು ಭಟ್ಟಿಯ ಜೊತೆಗೆ ಬಿಟ್ಟುಹೋದ ಆಸ್ತಿ. ಉಚ್ಚೆಂಗಪ್ಪ ಸೋಮವಾರ, ಗುರುವಾರ ತಪ್ಪದೆ ಮೆಟಡೋರ್ ತಂದು ಹರಿಹರದ ಅಂಗಡಿಗಳಿಗೆ ಚೀಲ ಒಯ್ಯುತ್ತಿದ್ದಾನೆ.

ಊಟಕ್ಕೆ ತೊಂದರೆ ಇಲ್ಲ ಎಂದು ಬರೆದಿದ್ದೀಯ. ಏನು ಊಟ ಎಂದು ಬರೆದಿಲ್ಲ.

ಖತೀಜಾಬೀ


ದಾವಣಗೆರೆ
10 ಜೂನ್ 1983

ಮಗಳೇ,

ನಾಲ್ಕು ಹಾಳೆ ಒಟ್ಟಿಗೆ ಕಳಿಸುತ್ತಿದ್ದೇನೆ. ಎಲ್ಲವೂ ಸರಿಯಾಗಿದೆ, ಒಂದು ಖಾನೆಯೂ ಖಾಲಿ ಇಲ್ಲ. ಒಂದು ವಾರ ಮೂವತ್ತೆಂಟು ಚೀಲ, ಒಂದು ವಾರ ನಲವತ್ತೊಂದು.

ಕೊಟ್ರವ್ವ ಮಾಯಕೊಂಡದಲ್ಲಿ ಮಗಳ ಮನೆಗೆ ಹೋಗಿದ್ದಾಳೆ, ಅದರಿಂದ ಕೆಲಸಕ್ಕೇನೂ ತೊಂದರೆಯಿಲ್ಲ. ನನ್ನ ಕೆಮ್ಮು ನಿಂತಿದೆ. ರಂಜಾನಿಗೆ ಗೋಡೆಗೆ ಸುಣ್ಣ ಹಚ್ಚಿಸಿದೆ, ಈ ಸಲ ಬೆಳ್ಳಗೇ ಉಳಿದಿದೆ.

ನೀನು ಓದಿನ ಕಡೆ ಗಮನ ಕೊಡು. ಇಲ್ಲಿಯದನ್ನು ಇಲ್ಲಿಯವರು ನೋಡಿಕೊಳ್ಳುತ್ತೇವೆ.

ಖತೀಜಾಬೀ


ಬರ್ಮಿಂಗ್‌ಹ್ಯಾಮ್
5 ಜುಲೈ 1983

ಖಾಲಮ್ಮನಿಗೆ ಸಲಾಂ.

ಕೊಳವೆ ಎತ್ತರಿಸಿದ್ದರ ಗುಣ ನೋಡಿ. ಕೆಮ್ಮು ನಿಂತಿತು, ಗೋಡೆ ಬೆಳ್ಳಗಿದೆ. ಹತ್ತು ವರ್ಷದಿಂದ ನಾನು ಹೇಳುತ್ತಿದ್ದೆ, ಹಿತ್ತಲ ಗಿಡ ಮದ್ದಲ್ಲ ಎಂಬ ಹಾಗೆ ನೀವು ಕಿವಿಗೇ ಹಾಕಿಕೊಳ್ಳಲಿಲ್ಲ. ಈಗಲಾದರೂ ಒಪ್ಪಿಕೊಳ್ಳಿ.

ನಿಮ್ಮ ಹಾಳೆಗಳನ್ನು ನಾನು ಹಾರ್ಟ್ಲಿಯವರ ಮೇಜಿನ ಮೇಲೆ ಹರಡಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ನೋಡಿದರು. ಇಂಥ ಏರುಪೇರಿಲ್ಲದ ಅಂಕಿಗಳನ್ನು ಕಾರಿನ ಕಾರ್ಖಾನೆಯಲ್ಲೂ ಕಂಡಿಲ್ಲ ಎಂದರು. ನನಗೆ ಎರಡು ಗೇಣು ಎತ್ತರವಾದ ಹಾಗಾಯಿತು. ಅಂಚಿನ ಬೂದಿ ಬಣ್ಣದ ಕಲೆ ಏನೆಂದು ಕೇಳಿದರು. ಅದು ಲೆಕ್ಕ ತಪಾಸಣೆಯ ಗುರುತು ಎಂದೆ.

ನಮ್ಮವರು ಲಂಡನ್ನಿನಲ್ಲಿ ಕ್ರಿಕೆಟ್ ಕಪ್ ಗೆದ್ದ ದಿನ ಇಲ್ಲಿನ ಹುಡುಗರು ಬೀದಿಯಲ್ಲಿ ಕುಣಿದರು. ನಾನು ಕಿಟಕಿಯಿಂದ ನೋಡಿದೆ. ಯಾರ ಜೊತೆ ಕುಣಿಯುವುದು ಎಂದು ಗೊತ್ತಾಗಲಿಲ್ಲ.

ಊಟ ಎಂದರೆ ಬ್ರೆಡ್ಡು, ಮೊಟ್ಟೆ, ಅನ್ನವೂ ಸಿಗುತ್ತದೆ. ಯೋಚಿಸಬೇಡಿ. ಉಳಿದ ಹಾಳೆಗಳನ್ನು ತಪ್ಪದೆ ಕಳಿಸಿ. ನನ್ನ ಪದವಿ ಈಗ ನಿಮ್ಮ ಶುಕ್ರವಾರಗಳ ಮೇಲೆ ನಿಂತಿದೆ.

ಮಾಸೂಮಾ


ದಾವಣಗೆರೆ
9 ಸೆಪ್ಟೆಂಬರ್ 1983

ಮಗಳೇ,

ಇದು ಇಪ್ಪತ್ತನಾಲ್ಕನೆಯ ಹಾಳೆ. ಮುಗಿಯಿತು. ಬರೆದು ಪಾಸಾಗು.

ಖತೀಜಾಬೀ


ಬರ್ಮಿಂಗ್‌ಹ್ಯಾಮ್
26 ಸೆಪ್ಟೆಂಬರ್ 1983

ಖಾಲಮ್ಮ,

ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ ಈ ಕಾಗದ ಬರೆಯುತ್ತಿದ್ದೇನೆ.

ಹಾರ್ಟ್ಲಿಯವರು ಇಂದು ಕರೆಸಿದ್ದರು. ಮೇಜಿನ ಮೇಲೆ ನಿಮ್ಮ ಹಾಳೆಗಳು, ಪಕ್ಕದಲ್ಲಿ ಲೈಬ್ರರಿಯ ದೊಡ್ಡ ಪುಸ್ತಕ. ಅದರಲ್ಲಿ ನಮ್ಮ ಸೀಮೆಯ ಮಳೆಯ ಅಂಕಿ ಇತ್ತು. ಅವರು ಗದರಲಿಲ್ಲ. ಮೆಲ್ಲಗೆ, "ಮಿಸ್ ಮಾಸೂಮಾ, ನಿಮ್ಮ ಊರಿನಲ್ಲಿ ಮಳೆ ಬರುವುದಿಲ್ಲವೇ?" ಎಂದರು.

ಭತ್ತ ಬಿಸಿಲಿಗೆ ಒಣಗಬೇಕು ಎಂದು ಅವರಿಗೆ ಹೇಳಿಕೊಟ್ಟವಳು ನಾನು. ಜುಲೈ, ಆಗಸ್ಟ್ ತಿಂಗಳ ಹಾಳೆಗಳಲ್ಲಿ ಪ್ರತಿ ವಾರವೂ ಒಣಗಿಸಿದ್ದು ತುಂಬಿದೆ. ಮಳೆಗಾಲದಲ್ಲಿ ಕೊಟ್ರವ್ವ ಮೋಡ ನೋಡಿ ಬಯ್ಯುತ್ತ ಚಾಪೆ ಸುತ್ತುತ್ತಿದ್ದುದನ್ನು ಕಂಡು ಬೆಳೆದವಳು ನಾನು. ಆದರೂ ಈ ಅಂಕಿಗಳನ್ನು ಹೆಮ್ಮೆಯಿಂದ ಹೊತ್ತು ತಿರುಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ನನಗೆ ಕನ್ನಡಿಯನ್ನು ಒಬ್ಬ ಇಂಗ್ಲಿಷ್ ಮುದುಕ ಹಿಡಿಯಬೇಕಾಯಿತು.

ಅಂಕಿಗಳನ್ನು ನಾನೇ ಕೋಣೆಯಲ್ಲಿ ಕೂತು ಹುಟ್ಟಿಸಿದೆ ಎಂಬ ಅನುಮಾನ ಅವರಿಗಿದೆ. ಹಾಗೆಂದು ಇಲಾಖೆಗೆ ಬರೆದರೆ ನನ್ನ ಹೆಸರನ್ನೇ ತೆಗೆದುಹಾಕುತ್ತಾರೆ. ಅವರು ಒಂದು ದಾರಿ ತೋರಿಸಿದ್ದಾರೆ. ಬಿಸ್ಕತ್ತು ಕಂಪನಿಯೊಂದರ ಅಂಕಿಗಳು ಇಲಾಖೆಯಲ್ಲೇ ಇವೆಯಂತೆ, ಅವುಗಳ ಮೇಲೆ ಆರು ವಾರದಲ್ಲಿ ಬರೆದುಕೊಟ್ಟರೆ ಮಂಡಕ್ಕಿಯ ಮಾತನ್ನು ಎಲ್ಲರೂ ಮರೆಯಬಹುದಂತೆ.

ನಾನು ಉತ್ತರ ಕೊಟ್ಟಿಲ್ಲ. ಮೊದಲು ನೀವು ಉತ್ತರ ಕೊಡಿ. ಮಳೆ ಎಲ್ಲಿ ಹೋಯಿತು? ಭಟ್ಟಿಯಲ್ಲಿ ಏನಾಗಿದೆ? ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿದೆ.

ಮಾಸೂಮಾ


ದಾವಣಗೆರೆ
9 ಅಕ್ಟೋಬರ್ 1983

ಮಾಸೂಮಾ,

ನೀನು ಸಿಟ್ಟಾದದ್ದು ಸರಿ. ನಾನು ಸುಳ್ಳು ಬರೆದೆ.

ಮೊದಲ ಏಳು ಹಾಳೆ ನಿಜ. ಎಂಟನೆಯದರಿಂದ ಹದಿನೇಳು ಹಾಳೆ ಸುಳ್ಳು. ಮೇ ಹದಿನಾರರಿಂದ ನಮ್ಮ ಭಟ್ಟಿ ಉರಿದಿಲ್ಲ. ಕೆಮ್ಮು ನಿಂತದ್ದು ಹೊಗೆ ಇಲ್ಲದ್ದಕ್ಕೆ, ಗೋಡೆ ಬೆಳ್ಳಗಿರುವುದೂ ಅದಕ್ಕೇ. ಕೊಟ್ರವ್ವ ಮಾಯಕೊಂಡಕ್ಕೆ ಹೋದದ್ದು ಇಲ್ಲಿ ಕೂಲಿ ಇಲ್ಲವೆಂದು.

ಭತ್ತಕ್ಕೆ ಕೊರತೆ ಬರಲಿಲ್ಲ, ಕೊಳ್ಳುವವರಿಗೂ ಬರಲಿಲ್ಲ. ನಿಂತದ್ದು ಹೊಟ್ಟು. ಭತ್ತದ ಹೊಟ್ಟು. ನಿನಗೆ ಗೊತ್ತಲ್ಲ, ನಮ್ಮ ಒಲೆಗೆ ಹಾಕುವುದು ಅದನ್ನೇ. ನಾವು ಅಕ್ಕಿ ಮಾಡಿಸುವ ಮಿಲ್ಲಿನವರು ಇಪ್ಪತ್ತು ವರ್ಷದಿಂದ, "ಕಸ ಹೋದ್ರೆ ಸಾಕು, ಒಯ್ಯಿರಿ" ಎಂದು ಸುಮ್ಮನೆ ಕೊಡುತ್ತಿದ್ದರು. ಮೇ ತಿಂಗಳಲ್ಲಿ ಇಟ್ಟಿಗೆ ಗೂಡಿನವರು ಬಂದು ದುಡ್ಡು ಕೊಟ್ಟು ಪೂರ್ತಿ ಹೊಟ್ಟನ್ನು ವರ್ಷಕ್ಕೆ ಗೊತ್ತುಮಾಡಿಕೊಂಡರು. ಕಟ್ಟಿಗೆ ಉರಿಸಿ ನೋಡಿದೆ. ಮರಳು ಒಂದು ಕಡೆ ಕೆಂಪಗೆ ಕಾದು ಇನ್ನೊಂದು ಕಡೆ ತಣ್ಣಗಿರುತ್ತದೆ, ಅಕ್ಕಿ ಅರ್ಧ ಸೀದು ಅರ್ಧ ಮುರುಟುತ್ತದೆ. ಓಣಿಯ ಬೇರೆ ಭಟ್ಟಿಗಳಲ್ಲಿ ಕೆಲವರು ಹಳೆಯ ಟೈರು ಉರಿಸುತ್ತಿದ್ದಾರೆ. ನನಗೂ ಹೇಳಿದರು. ಕೂಸುಗಳು ತಿನ್ನುವ ಮಂಡಕ್ಕಿಗೆ ಟೈರಿನ ಹೊಗೆ ಕುಡಿಸಲು ನಾನು ಒಲ್ಲೆ ಎಂದೆ. ಭಟ್ಟಿ ಮುಚ್ಚಿದೆ.

ಬರೆಯಬೇಕಿತ್ತು ಎನ್ನುತ್ತೀಯ. ಬರೆದಿದ್ದರೆ ನೀನು ಮುಂದಿನ ವಿಮಾನಕ್ಕೆ ಬಂದು ಬಾಗಿಲು ತಟ್ಟುತ್ತಿದ್ದೆ. ನಾಲ್ಕು ವರ್ಷದ ಕೂಸಿದ್ದಾಗ ನನ್ನ ಅಕ್ಕ ಹಜೀರಾ ನಿನ್ನನ್ನು ನನ್ನ ಮಡಿಲಿಗೆ ಹಾಕಿ ಕಣ್ಣು ಮುಚ್ಚಿದಳು. ಆವತ್ತಿನಿಂದ ಸಾಕಿದ್ದೇನೆ, ನಿನ್ನ ಬುದ್ಧಿ ನನಗೆ ತಿಳಿಯದೇ? ಅದಕ್ಕೇ ಪ್ರತಿ ಶುಕ್ರವಾರ ಆರಿದ ಒಲೆಯ ಮುಂದೆ ಕೂತು, ಹೋದ ವರ್ಷ ಈ ವಾರ ಎಷ್ಟಾಗಿತ್ತು ಎಂದು ನೆನೆದು ಬರೆದೆ. ಮಳೆ ಎಲ್ಲಿ ಹೋಯಿತು ಎಂದು ಕೇಳಿದ್ದೀಯ. ಬರೆಯುವುದೇ ಸುಳ್ಳು ಎಂದ ಮೇಲೆ ಮಳೆಯನ್ನೇಕೆ ಬರೆಯಲಿ? ನನ್ನ ಹಾಳೆಯಲ್ಲಿ ಭತ್ತ ದಿನಾ ಒಣಗಲಿ ಎನಿಸಿತು.

ಪರದೇಶದ ಮೇಷ್ಟ್ರ ಮುಂದೆ ನಮ್ಮ ಮನೆಯ ಹುಳುಕು ಏಕೆ ಎಂದೂ ಇತ್ತು. ಸುಳ್ಳು ಹೇಳುವುದಿಲ್ಲ ಈಗ.

ಇನ್ನೊಂದು ಮಾತು. ನಿನ್ನ ಹಾಳೆಯಲ್ಲಿ ಹೊಟ್ಟಿಗೆ ಖಾನೆ ಇರಲಿಲ್ಲ. ಎಂಟನೆಯ ಶುಕ್ರವಾರ ನಿಜವನ್ನೇ ಬರೆದುಬಿಡೋಣ ಎಂದು ಪೆನ್ನು ಹಿಡಿದೆ. ಎಲ್ಲಿ ಬರೆಯಲಿ ಎಂದು ಆರು ಖಾನೆಯನ್ನೂ ಹುಡುಕಿದೆ. ಜಾಗ ಸಿಗಲಿಲ್ಲ.

ಬಿಸ್ಕತ್ತಿನವರ ಅಂಕಿ ಸಿಕ್ಕರೆ ಅದನ್ನೇ ಬರೆದು ಪಾಸಾಗಿ ಬಾ. ನನಗೆ ಮಂಡಕ್ಕಿಗಿಂತ ನೀನು ಮುಖ್ಯ.

ಖತೀಜಾಬೀ


ಬರ್ಮಿಂಗ್‌ಹ್ಯಾಮ್
22 ಅಕ್ಟೋಬರ್ 1983

ಖಾಲಮ್ಮ,

ನಿಮ್ಮ ಕಾಗದ ಓದಿ ಒಂದು ದಿನ ಸಿಟ್ಟಿನಲ್ಲೇ ಇದ್ದೆ. ನಿಮ್ಮ ಮೇಲಿನ ಸಿಟ್ಟು ಅರ್ಧ ದಿನಕ್ಕೇ ಮುಗಿದಿತ್ತು. ಉಳಿದರ್ಧ ದಿನದ ಸಿಟ್ಟು ನನ್ನ ಮೇಲೆ.

ಆ ಖಾನೆಗಳನ್ನು ಗೀಚಿದವಳು ನಾನು. ಹೊಟ್ಟಿನ ರಾಶಿಯ ಮೇಲೆ ಜಾರಿ ಆಡಿದವಳು, ಒಲೆಗೆ ಬುಟ್ಟಿಯಿಂದ ಸುರಿದವಳು. ಆದರೂ ಸುಮ್ಮನೆ ಸಿಗುವುದಕ್ಕೆ ಲೆಕ್ಕ ಏಕೆ ಎಂದು ಬಿಟ್ಟೆ. ಬಿಟ್ಟೆ ಎನ್ನುವುದೂ ತಪ್ಪು, ಅದು ನನಗೆ ನೆನಪೇ ಆಗಲಿಲ್ಲ. ಸಣಕಲು ಕೊಂಡಿ ಯಾವುದು ಎಂದು ಒಂದು ವರ್ಷ ಪುಸ್ತಕದಲ್ಲಿ ಹುಡುಕಿದೆ.

ಹಾರ್ಟ್ಲಿಯವರ ಬಳಿ ಹೋಗಿ ನಿಮ್ಮ ಕಾಗದವನ್ನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ನಿಮ್ಮನ್ನು ಕೇಳದೆ ಓದಿದ್ದಕ್ಕೆ ಕ್ಷಮಿಸಿ. ಮುಗಿದ ಮೇಲೆ ಅವರು, "ಬಿಸ್ಕತ್ತಿನ ಕಡತ ತರಿಸಲೇ?" ಎಂದರು. ಬೇಡ ಎಂದೆ. ನನ್ನ ಭಟ್ಟಿ ಏಕೆ ನಿಂತಿತು, ಮತ್ತೆ ನಡೆಯುತ್ತದೆಯೇ, ಇದನ್ನು ಬರೆಯುತ್ತೇನೆ ಎಂದೆ. ಜನವರಿ ಮೂವತ್ತೊಂದರವರೆಗೆ ಸಮಯ ಕೊಟ್ಟಿದ್ದಾರೆ. ಕಡಿಮೆ ಎಂದರೆ ಹತ್ತು ವಾರದ ನಿಜವಾದ ಅಂಕಿ ಬೇಕು. ಇದೂ ಕೆಟ್ಟರೆ ಮತ್ತೊಂದು ಅವಕಾಶ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ಈಗ ಹೇಳುವುದನ್ನು ಗಮನವಿಟ್ಟು ಓದಿ. ನನಗೆ ಇಲ್ಲಿ ಕಲಿಸಿದ ಮೊದಲ ಪಾಠ, ಖಾಲಿ ಬರುವ ಗಾಡಿಯನ್ನು ಹುಡುಕು ಎಂಬುದು. ಉಚ್ಚೆಂಗಪ್ಪನ ಮೆಟಡೋರ್ ಓಣಿಯ ಮಂಡಕ್ಕಿ ಇಳಿಸಿ ಹರಿಹರದಿಂದ ಖಾಲಿ ಬರುತ್ತದೆ. ಭತ್ತ ಕೊಳ್ಳಲು ನೀವು ನನ್ನನ್ನು ಹರಿಹರದ ಪಕ್ಕದ ಭಾನುವಳ್ಳಿಗೆ ಕರೆದೊಯ್ಯುತ್ತಿದ್ದಾಗ ಕಾಲುವೆ ದಾರಿಯಲ್ಲಿ ಬಕ್ಕೇಶಪ್ಪನವರ ಮಿಲ್ಲಿನ ಹಿಂದೆ ಹೊಟ್ಟಿನ ಗುಡ್ಡ ಹೊಗೆಯಾಡುತ್ತಿತ್ತು. ಅಲ್ಲಿ ಇಟ್ಟಿಗೆ ಗೂಡುಗಳಿರಲಿಲ್ಲ. ಈಗಲೂ ಇರದಿದ್ದರೆ ಅಲ್ಲಿ ಅದು ಇನ್ನೂ ಕಸವೇ. ಒಂದು ಒಲೆ ಸಾಕು, ನಾಲ್ಕೂ ಬೇಡ. ಹೋಗಿ ಕೇಳಿ.

ಹೊಸ ಹಾಳೆಗಳಲ್ಲಿ ಏಳು ಖಾನೆ ಇವೆ. ಜೊತೆಗೆ ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟಿದ್ದೇನೆ. ಯಾವ ಖಾನೆಗೂ ಸೇರದ್ದನ್ನು ಅಲ್ಲಿ ಬರೆಯಿರಿ.

ನಿಮ್ಮಿಂದ ನಿಜ ಕೇಳಿದವಳು ನಾನೂ ಹೇಳಬೇಕು. ವಿದ್ಯಾರ್ಥಿವೇತನ ಮುಗಿಯಿತು. ವಾರಕ್ಕೆ ನಾಲ್ಕು ದಿನ ತರಕಾರಿ ಗೋದಾಮಿನಲ್ಲಿ ಆಲೂಗಡ್ಡೆ ಆರಿಸಿ ಚೀಲ ತುಂಬುತ್ತೇನೆ. ಕೋಣೆ ಬೆಚ್ಚಗಿಲ್ಲ, ಯಾವತ್ತೂ ಇರಲಿಲ್ಲ. ಇಲ್ಲಿ ನನ್ನನ್ನು ಮಾಸೂಮಾ ಎಂದು ಸರಿಯಾಗಿ ಕರೆಯುವವರು ಒಬ್ಬರೂ ಇಲ್ಲ. ಆದರೆ ವಾಪಸ್ ಬರುವುದಿಲ್ಲ ಖಾಲಮ್ಮ. ಮುಗಿಸಿಯೇ ಬರುತ್ತೇನೆ.

ಮಾಸೂಮಾ


ದಾವಣಗೆರೆ
12 ನವೆಂಬರ್ 1983

ಮಗಳೇ,

ನಿನ್ನ ಕಾಗದ ಮೂರನೇ ತಾರೀಕು ಗುರುವಾರ ಬೆಳಿಗ್ಗೆ ಬಂತು. ನಾನು ಆವತ್ತೇ ಉಚ್ಚೆಂಗಪ್ಪನ ಮೆಟಡೋರಿನಲ್ಲಿ ಮುಂದಿನ ಸೀಟಿಗೆ ಹತ್ತಿ ಕೂತೆ. ಬೇಡವೆಂದ. ಇಳಿಯುವುದಿಲ್ಲ ಎಂದೆ.

ದಾರಿಯುದ್ದಕ್ಕೂ ಅವನದು ಒಂದೇ ರಾಗ. "ನಂದು ಮಂಡಕ್ಕಿ ಹೊರೋ ಗಾಡಿ ಐತಿ ಬೀಬಿ. ಹೊಟ್ಟು ತುಂಬಿದ್ರ ಧೂಳು ಹತ್ತಿ ನಾಳೆ ಚೀಲ ಮುಟ್ಟಿದೋರಿಗೆಲ್ಲ ನವೆ ಸುರು ಆಗತೈತಿ. ಹರಿಹರದಾಗ ಜನ ನೋಡಿ ನಗ್ತಾರ."

"ಗಾಡಿ ತೊಳ್ಯಾಕ ನಾನ ಬರ್ತೀನಿ. ನಗೋರ್ನ ನೀ ನೋಡ್ಕ್ಯ" ಎಂದೆ.

ನಿನ್ನ ಮಾತು ಅರ್ಧ ನಿಜವಾಯಿತು. ಭಾನುವಳ್ಳಿಯಲ್ಲಿ ಇಟ್ಟಿಗೆ ಗೂಡು ಇಲ್ಲ, ಹೊಟ್ಟಿನ ಗುಡ್ಡ ಇದೆ. ಆದರೆ ಬಕ್ಕೇಶಪ್ಪನವರು ಒಡನೆ ಒಪ್ಪಲಿಲ್ಲ. ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟು, "ಹೊಟ್ಟು ಒಯ್ಯಾಕ ನಂದೇನೂ ತಕರಾರಿಲ್ಲ ತಂಗಿ. ಇವತ್ತು ಒಯ್ತೀರಿ, ನಾಳೆ ಬರಾದಿಲ್ಲ, ನಾ ಇಲ್ಲಿ ರಾಶಿ ಕಾಯ್ಕೊಂತ ಕೂಡ್ಬೇಕು. ಅದಕ್ಕಿಂತ ವಾರಕ್ಕೊಮ್ಮೆ ಬೆಂಕಿ ಹಚ್ಚೋದ ಚಲೋ" ಎಂದರು.

ನಾನು ನಿನ್ನ ಹೊಸ ಹಾಳೆ ತೆಗೆದು ಅವರ ಮುಂದಿಟ್ಟೆ. ಏಳನೆಯ ಖಾನೆ ತೋರಿಸಿ, ಪ್ರತಿ ಗುರುವಾರ ಇಲ್ಲಿ ನಿಮ್ಮ ಮಿಲ್ಲಿನ ಹೊಟ್ಟು ಬರೆಯುತ್ತೇವೆ, ಅದು ವಿಲಾಯತಿಗೆ ಹೋಗುತ್ತದೆ, ಒಂದು ವಾರ ಖಾಲಿ ಇದ್ದರೂ ನನ್ನ ಮಗಳ ಪದವಿ ಹೋಗುತ್ತದೆ ಎಂದೆ. ಅವರು ಕನ್ನಡಕ ಏರಿಸಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಮ್ ಕಸಕ್ಕ ಇಷ್ಟು ಮರ್ಯಾದಿ ಬಂತಲ್ಲ. ಒಯ್ರಿ. ಆದ್ರ ಗುರುವಾರ ಅಂದ್ರ ಗುರುವಾರ" ಎಂದರು.

ಕೊಟ್ರವ್ವನಿಗೆ ಹೇಳಿಕಳಿಸಿದೆ. ಮಾಯಕೊಂಡದಿಂದ ಮೊದಲ ಬಸ್ಸಿಗೆ ಬಂದಳು. ಏಳನೇ ತಾರೀಕು ಒಂದು ಒಲೆ ಹಚ್ಚಿದೆವು. ಅಕ್ಕಿ ಹಳೆಯದು ಇತ್ತು. ಆರು ತಿಂಗಳು ಸುಮ್ಮನಿದ್ದ ಮರಳು ತಂಪು ಕುಡಿದಿತ್ತು, ಮೊದಲ ಎರಡು ಚೀಲ ಅರಳಲೇ ಇಲ್ಲ. ಮೂರನೆಯದು ಸೀದುಹೋಯಿತು. ಕೈ ಹಿಡಿತ ತಪ್ಪಿದೆಯೇನೋ ಎಂಬ ಹೆದರಿಕೆಗೆ ಮರಳನ್ನು ಬೈದೆ. ಕೊಟ್ರವ್ವ, "ಕುಣಿಯಾಕ ಬರದಾಕಿ ನೆಲ ಡೊಂಕು ಅಂದಿದ್ಲಂತ, ನೀ ಮರಳು ಬೈಬ್ಯಾಡ, ಇನ್ನೊಂದ್ಸಲ ಹಾಕು" ಎಂದಳು. ಹಾಕಿದೆ. ನಾಲ್ಕನೆಯದು ಅರಳಿತು.

ವಾರಕ್ಕೆ ಒಟ್ಟು ಒಂಬತ್ತು ಚೀಲ. ಹಾಳಾದದ್ದು ಮೂರು. ಎಲ್ಲವನ್ನೂ ಬರೆದಿದ್ದೇನೆ. ಹಾಳಾದದ್ದನ್ನೂ ಬಿಡಲಿಲ್ಲ. ಕೆಮ್ಮು ಮತ್ತೆ ಶುರುವಾಗಿದೆ, ಅದನ್ನು ಕೆಳಗಿನ ಖಾಲಿ ಜಾಗದಲ್ಲಿ ಬರೆದಿದ್ದೇನೆ.

ಆಲೂಗಡ್ಡೆ ಆರಿಸುವಾಗ ಕೈಗೆ ಬಟ್ಟೆ ಕಟ್ಟಿಕೋ. ಕೋಣೆ ಬೆಚ್ಚಗಿಲ್ಲ ಎಂದು ಓದಿದ ಮೇಲೆ ನಾನು ಒಲೆಯ ಮುಂದೆ ಕೂತರೂ ನನಗೆ ಚಳಿಯಾಗುತ್ತಿದೆ.

ಖತೀಜಾಬೀ


ದಾವಣಗೆರೆ
24 ಡಿಸೆಂಬರ್ 1983

ಮಗಳೇ,

ಈ ವಾರದ್ದು ಕೆಟ್ಟ ಹಾಳೆ. ಗುರುವಾರ ಹರಿಹರದ ಸೇತುವೆಯ ಹತ್ತಿರ ಮೆಟಡೋರ್ ಕೆಟ್ಟು ನಿಂತಿತು, ಹೊಟ್ಟಿನ ಮೇಲೆ ಅಕಾಲದ ಮಳೆ ಬಿತ್ತು. ಒದ್ದೆ ಹೊಟ್ಟು ಉರಿಯುವುದಿಲ್ಲ, ಬರೀ ಕಣ್ಣು ಉರಿಸುತ್ತದೆ. ಈ ವಾರದ ಮಂಡಕ್ಕಿ ಖಾನೆಯಲ್ಲಿ ಸೊನ್ನೆ.

ಶುಕ್ರವಾರ ಹಾಳೆ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಹದಿನಾಲ್ಕು ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ ಎನಿಸಿತು. ಹದಿನಾಲ್ಕು ಬರೆಯುವುದು ನನಗೆ ಸುಲಭ, ಕೈಗೆ ರೂಢಿಯಾಗಿದೆ. ಸೊನ್ನೆ ಹಾಕಿದೆ. ಇದರಿಂದ ನೀನು ಫೇಲಾದರೆ ನನ್ನನ್ನು ಬೈಯಬೇಡ, ನೀನೇ ಕೇಳಿದ್ದು.

ನಿನ್ನ ಓದಿಗಾಗಿ ಒಂದು ಸಂಗತಿ. ಇನ್ನು ಮುಂದೆ ಎರಡು ವಾರಕ್ಕೆ ಸಾಕಾಗುವಷ್ಟು ಒಣ ಹೊಟ್ಟನ್ನು ಬೇರೆಯೇ ಮುಚ್ಚಿಡುತ್ತೇನೆ. ನಿನ್ನ ಪುಸ್ತಕದಲ್ಲಿ ಇದಕ್ಕೆ ಏನೆನ್ನುತ್ತಾರೋ, ನಾವು ಬುದ್ಧಿ ಬಂತು ಎನ್ನುತ್ತೇವೆ.

ಖತೀಜಾಬೀ


ಬರ್ಮಿಂಗ್‌ಹ್ಯಾಮ್
29 ಫೆಬ್ರವರಿ 1984

ಖಾಲಮ್ಮನಿಗೆ ಸಲಾಂ.

ಪದವಿ ಸಿಕ್ಕಿತು. ಇದನ್ನು ಮೊದಲೇ ಬರೆದಿದ್ದೇನೆ, ಈಗ ಕೂತು ಉಳಿದದ್ದನ್ನು ಓದಿ.

ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಎರಡು ಗಂಟೆ ಕೇಳಿದರು. ನಾನು ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದೆ: ಇದರ ಕೊನೆಯಲ್ಲಿರುವ ಹದಿನೇಳು ಹಾಳೆಗಳು ಸುಳ್ಳು, ಅವುಗಳನ್ನು ತೆಗೆದಿಲ್ಲ. ಹಾರ್ಟ್ಲಿಯವರು ತೆಗೆ ಎಂದಿದ್ದರು. ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಪರೀಕ್ಷಕರು ಅದನ್ನೇ ಹಿಡಿದರು. ಸುಳ್ಳು ಅಂಕಿಯನ್ನು ವಿಶ್ವವಿದ್ಯಾಲಯಕ್ಕೆ ಕೊಡುವ ಧೈರ್ಯ ಹೇಗೆ ಬಂತು ಎಂದರು. ನಾನು ಹೇಳಿದೆ, ಅವುಗಳನ್ನು ಬರೆದವರು ಆ ಭಟ್ಟಿಯನ್ನು ಇಪ್ಪತ್ತು ವರ್ಷ ನಡೆಸಿದವರು. ಎಲ್ಲವೂ ಹೊತ್ತಿಗೆ ಸರಿಯಾಗಿ ಬಂದರೆ ಯಾವ ವಾರ ಎಷ್ಟಾಗುತ್ತದೆ ಎಂದು ಅವರಿಗೆ ಬಾಯಿಪಾಠ. ಆ ಹದಿನೇಳು ಹಾಳೆ ಅವರಿಗೆ ಆಗಬೇಕಾಗಿದ್ದದ್ದು, ಈ ಹತ್ತು ಹಾಳೆ ಆದದ್ದು. ಇವೆರಡರ ನಡುವೆ ಎಷ್ಟು ದೂರವಿದೆಯೋ ಅದೇ ನನ್ನ ಪ್ರಬಂಧ. ಆ ದೂರಕ್ಕೆ ಕಾರಣ ಅವರ ಸುಳ್ಳಲ್ಲ, ಹೊಟ್ಟು. ಅದನ್ನು ಕೇಳಬೇಕೆಂದು ನನಗೇ ಗೊತ್ತಿರಲಿಲ್ಲ.

ಅವರು ಹಾಳೆಗಳನ್ನು ಮಗುಚಿದರು. ಆಮೇಲೆ ಡಿಸೆಂಬರಿನ ಸೊನ್ನೆಯ ಮೇಲೆ ಬೆರಳಿಟ್ಟು, "ಇಂಥ ಒಂದು ಸೊನ್ನೆಯನ್ನು ಬರೆದುಕೊಡಲು ನಾನು ಸಲಹೆ ಕೊಡುವ ಕಂಪನಿಗಳಿಗೆ ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ" ಎಂದರು. ಹತ್ತು ನಿಮಿಷ ಹೊರಗೆ ಕೂಡಿಸಿ ಒಳಗೆ ಕರೆದು ಕೈ ಕುಲುಕಿದರು.

ಮಾರ್ಚ್ 29ರ ಗುರುವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ನನ್ನನ್ನು ಕರೆಯಲು ಸ್ಟೇಷನ್ನಿಗೆ ಯಾರೂ ಬರಬೇಡಿ. ಗುರುವಾರ ಹೊಟ್ಟು ಬರುವ ದಿನ, ನೀವು ಭಟ್ಟಿಯಲ್ಲಿರಬೇಕು.

ಮಾಸೂಮಾ


ದಾವಣಗೆರೆ
11 ಮಾರ್ಚ್ 1984

ಮಗಳೇ,

ಕಾಗದವನ್ನು ಭಟ್ಟಿಯಲ್ಲಿ ಗಟ್ಟಿಯಾಗಿ ಓದಿದೆ. ಪದವಿ ಎಂಬಲ್ಲಿಗೆ ಬಂದಾಗ ಕೊಟ್ರವ್ವ ತನ್ನ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಉಚ್ಚೆಂಗಪ್ಪ, "ನನ್ ಗಾಡಿ ಕೆಟ್ಟಿದ್ದೂ ಬರ್ದಾಳೇನು?" ಎಂದು ಕೇಳಿದ. ಬರೆದಿದ್ದಾಳೆ ಎಂದೆ. ಮುಖ ಸಪ್ಪಗೆ ಮಾಡಿಕೊಂಡು ಹೋದ.

ನನ್ನ ಸುಳ್ಳನ್ನು ಪುಸ್ತಕದಲ್ಲಿ ಇಟ್ಟಿದ್ದೀಯ ಎಂದು ತಿಳಿದು ಎರಡು ದಿನ ನಾಚಿಕೆಯಾಗಿತ್ತು. ಮೂರನೆಯ ದಿನ ಹೋಯಿತು. ಈಗ ಎರಡು ಒಲೆ ಉರಿಯುತ್ತಿವೆ, ಹೋದ ವಾರ ಇಪ್ಪತ್ತೊಂದು ಚೀಲ. ನಿನಗೆ ಹಾಳೆ ಬೇಡವಾದರೂ ಶುಕ್ರವಾರ ಬಂದರೆ ಬರೆಯುತ್ತೇನೆ. ಬರೆಯದಿದ್ದರೆ ವಾರ ಮುಗಿದ ಹಾಗೇ ಆಗುವುದಿಲ್ಲ.

ಸ್ಟೇಷನ್ನಿಗೆ ಬರಬೇಡಿ ಎಂದಿದ್ದೀಯ. ಆ ಮಾತನ್ನು ನಾನು ಓದಲಿಲ್ಲ ಎಂದು ತಿಳಿ.

ನೀನು ಹೋದಾಗಿನಿಂದ ನಿನಗೆ ಎಷ್ಟು ಕಾಗದ ಬರೆದೆನೋ ಲೆಕ್ಕವಿಲ್ಲ. ಒಂದರಲ್ಲೂ ಬಾ ಎಂದು ಬರೆಯಲಿಲ್ಲ. ಬರೆದರೆ ಎಲ್ಲ ಬಿಟ್ಟು ಬಂದುಬಿಡುತ್ತೀಯ ಎಂಬ ಹೆದರಿಕೆ ಇತ್ತು. ಪೆನ್ನಿನ ತುದಿಗೆ ಬಂದದ್ದನ್ನು ಎಷ್ಟು ಸಲ ತಡೆದಿದ್ದೇನೋ ನನಗೇ ಗೊತ್ತು. ಇನ್ನು ತಡೆಯುವುದಿಲ್ಲ.

ಬಾ ಮಗಳೇ. ನೀನಿಲ್ಲದೆ ನನಗೆ ಬಹಳ ಕಷ್ಟವಾಯಿತು.

ನಿನ್ನ ಖಾಲಮ್ಮ
ಖತೀಜಾಬೀ